ನಾಲ್ಕನೇ ಚೆಕ್ಕು

ಮನೆಯ ಕರಾರು ಮುಗಿಯಲು ಇನ್ನು ಹನ್ನೊಂದು ದಿನ.
ಜಯಕರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ
ಎಡಕ್ಕೆ ಉಮ್ಮುಲ್ ಕುವೈನ್, ಬಲಕ್ಕೆ ದುಬೈ,
ನಡುವೆ ಒಂದು ಗೆರೆ.
ಗೆರೆ ಎಂದರೆ ರಸ್ತೆ: ಐದಕ್ಕೆ ಹೊರಟರೆ ಮುಕ್ಕಾಲು ಗಂಟೆ,
ಐದೂ ಇಪ್ಪತ್ತಕ್ಕೆ ಹೊರಟರೆ ಎರಡು ಗಂಟೆ.
ಆ ಇಪ್ಪತ್ತು ನಿಮಿಷದಲ್ಲೇ ನಮ್ಮ ಸಂಸಾರ:
ಚಾ, ಸಿಡುಕು, ಕಾಣದ ಕಾಲುಚೀಲ,
ನಿದ್ದೆ ಹೋದ ಮಗಳ ಕಾಲಿಗೆ ಹೊದಿಕೆ ಎಳೆಯುವುದು.

ಬಲಗಡೆ ಬರೆದದ್ದು ಬಹಳ.
ಮೆಟ್ರೋ. ನಡೆದೇ ಹೋಗುವಷ್ಟು ಹತ್ತಿರ ಶಾಲೆ.
ರಾತ್ರಿ ಎರಡಕ್ಕೂ ಸಿಗುವ ಮಕ್ಕಳ ಡಾಕ್ಟರು.
ಖುಸೈಸಿನ ಮೂರನೇ ಮಾಳಿಗೆಯಲ್ಲಿ ನಳಿನಿ ಅತ್ತಿಗೆ,
ಕರೆದರೆ ಕೇಳುವಷ್ಟು ದೂರ.
ಲಿಫ್ಟಿನಲ್ಲಿ ಯಾರೋ ಫೋನಿಗೆ "ಗಂಜಿ ಉಂಟು, ಸಾಕು" ಅನ್ನುತ್ತಾರೆ.
ಕನ್ನಡ ಇಷ್ಟು ಸಸ್ತಾ ಸಿಗುವ ಜಾಗ!

ಎಡಗಡೆ ಒಂದೇ: ಬಾಡಿಗೆ ಕಡಿಮೆ.
ಕೆಳಗೆ ಖಾಲಿ. ನನಗೆಂದು ಬಿಟ್ಟದ್ದಂತೆ.
ಪೆನ್ನು ಹಿಡಿದು ನಿಂತೆ, ಹಾಲು ಉಕ್ಕಿತು.

ಏನಂತ ಬರೆಯಲಿ?
ಇಲ್ಲಿ ಸಂಜೆ ಏಳಕ್ಕೇ ಬೀದಿ ಆಕಳಿಸುತ್ತದೆ.
ವಾರದಲ್ಲಿ ಎರಡು ಸಲ ಸಕ್ಕರೆ ಕೊಂಡರೆ
ಬಕಾಲದ ಕುಂಞಿಮೊಯ್ದೀನ್ ಕೇಳುತ್ತಾನೆ, ನೆಂಟರು ಬಂದರಾ ಎಂದು.
ಕಳೆದ ವರ್ಷ ನಾನು ಮೂರು ದಿನ ಅತ್ತದ್ದು
ಎದುರು ಮನೆಯ ಈಜಿಪ್ಟಿನವಳಿಗೆ ಗೊತ್ತು. ಯಾಕೆಂದು ಗೊತ್ತಿಲ್ಲ.
ಒಂದು ತಟ್ಟೆ ಬಸ್ಬೂಸಾ ಇಟ್ಟು ಹೋದಳು.
ಖಾಲಿ ತಟ್ಟೆ ಕೊಡಬಾರದೆಂದು ನಾನು ನೀರುದೋಸೆ ಹಾಕಿ ಕೊಟ್ಟೆ.
ಇದನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಹಿನ್ನೀರಿನಲ್ಲಿ ಕಾಂಡ್ಲಾ ಗಿಡ ಉಂಟು ಅಂತ ಬರೆಯಲೇ?
ಜಯಕರ ನಗುತ್ತಾನೆ: ವರ್ಷಕ್ಕೆ ಎಷ್ಟು ಸಲ ನೋಡಿದೆ?
ಎರಡು ಸಲ. ಅದರಲ್ಲೊಂದು, ಸೊಳ್ಳೆ ಕಚ್ಚಿ ವಾಪಸು.

ಮೊನ್ನೆ ಭಾನುವಾರ ಅತ್ತಿಗೆಯ ಮನೆಯಲ್ಲಿ ಊಟ.
ಅದಕ್ಕೂ ಮೊದಲು ಆ ಮನೆ ನೋಡಿ ಬಂದೆವು. ಕಿಟಕಿ ತೆರೆದರೆ
ಪಕ್ಕದ ಕಟ್ಟಡದವರು ಒಣಹಾಕಿದ ಬನಿಯನ್ನು.
ಚಂದವೇ ಇತ್ತು, ಸುಳ್ಳು ಯಾಕೆ.
ನಲ್ಲಿ ತಿರುಗಿಸಿದೆ, ನಮ್ಮದಕ್ಕಿಂತ ಜೋರು ನೀರು.

ಬಡಿಸಿದ ಬಂಗುಡೆ ಮುರಿಯುತ್ತ ಬಾಯಿ ತಪ್ಪಿ ಅಂದೆ,
"ನಮ್ಮಲ್ಲಿ ಮೀನು ಇದಕ್ಕಿಂತ ತಾಜಾ."
ಭಾವ ತಲೆಯಾಡಿಸಿದರು, "ಮಲ್ಪೆಯದ್ದಕ್ಕೆ ಸಮ ಯಾವುದುಂಟು!"
ನಾನು ಮಲ್ಪೆ ಅಂದಿರಲಿಲ್ಲ.
ಮೊತಾಲೆಬನ ದೋಣಿಯ ಶೇರಿ ಮೀನು, ಬಾಲ ಬಡಿಯುತ್ತಿದ್ದಂತೆಯೇ
ಹಳೆಯ ಪೇಪರಿನಲ್ಲಿ ಸುತ್ತಿ
"ಭಾಬಿ, ದುಡ್ಡು ನಾಳೆ" ಎನ್ನುತ್ತಾನಲ್ಲ, ಅದು.

ಊರು ಅಂದರೆ ಇದುವರೆಗೆ ವಿಮಾನ ಹತ್ತಿ ಹೋಗುವಲ್ಲಿ.
ಇದಕ್ಕೆ ಹೆಸರಿರಲಿಲ್ಲ: ರೂಮು, ಫ್ಲಾಟು, ಇಲ್ಲಿ.
ಹನ್ನೆರಡು ವರ್ಷದಲ್ಲಿ ಯಾವ ದಿನ, ಯಾವ ಹೊತ್ತಿಗೆ
'ನಮ್ಮಲ್ಲಿ' ಎಂಬ ಮಾತು ಕಡಲು ದಾಟಿ ಬಂತು,
ಟಿಕೇಟಿಲ್ಲದೆ, ವೀಸಾ ಇಲ್ಲದೆ?

ಹೇಳಿದರೆ ದೊಡ್ಡ ಮಾತಾದೀತೆಂದು ದಾರಿಯುದ್ದಕ್ಕೂ ಸುಮ್ಮನಿದ್ದೆ.
ಶಾರ್ಜಾ ದಾಟುವವರೆಗೂ ಬ್ರೇಕಿನ ಕೆಂಪು ದೀಪ.
ಆಮೇಲೆ ಕತ್ತಲು ಸ್ವಲ್ಪಸ್ವಲ್ಪವೇ ಕತ್ತಲಾಯಿತು.
ಜಯಕರ ಕಿಟಕಿ ಇಳಿಸಿದ.
ಹಿಂದಿನ ಸೀಟಿನಲ್ಲಿ ಮಗಳು, ಕಣ್ಣು ಮುಚ್ಚಿಕೊಂಡೇ,
"ಬಂತು" ಎಂದಳು, ಉಪ್ಪಿನ ವಾಸನೆಗೆ.

ರಾತ್ರಿ ಅವನು ಚೆಕ್ಕು ಪುಸ್ತಕ ತೆಗೆದ.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಹಳೆಯ ಮಾಲೀಕನ ಉದ್ದನೆಯ ಹೆಸರು, ಕಾಗುಣಿತ ನೋಡಿ ನೋಡಿ.
ಮುಂದಿನ ತಾರೀಖು ಹಾಕಿ ನಾಲ್ಕು ಚೆಕ್ಕು.
ಮೂರಕ್ಕೆ ಸರಸರ ಸಹಿ.
ನಾಲ್ಕನೆಯದರ ಮೇಲೆ ಪೆನ್ನು ನಿಂತಿತು:
ಆ ತಿಂಗಳಿಗೆ ಕಂಪೆನಿ ಇರುತ್ತದೋ, ಕಾರು ಇರುತ್ತದೋ,
ಅವನ ಸೊಂಟ ಇರುತ್ತದೋ.
"ನಾಲ್ಕೂವರೆಗೆ ಅಲಾರಂ ಇಡು" ಎಂದ,
ಸಹಿ ಹಾಕುತ್ತ.

ನಾನು ನಾಲ್ಕೂ ಹತ್ತಕ್ಕೆ ಇಟ್ಟೆ.