ಎರಡು ಬಿಳಿ

ಬೀಡಿ ಲೇಬಲ್ಲಿನ ಬಾಕಿಗೆ ಬದಲಾಗಿ ಬಂದದ್ದು ಈ ಗಾಡಿ.
ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ,
ಓಡುವುದಕ್ಕೆಂದೇ ಹುಟ್ಟಿದ್ದು.
ಹನ್ನೊಂದು ವರ್ಷ ಟಾರ್ಪಾಲಿನಡಿ
ಹೆಗ್ಗಣದ ಸಂಸಾರ ಹೊತ್ತು ನಿಂತಿತ್ತು.

ವಿಲ್ಸನ್ ಗಾರ್ಡನ್ನಿನ ಶೆಡ್ಡಿನಲ್ಲಿ ಆರೋಗ್ಯಸ್ವಾಮಿ
ವಾಟರ್ ಪೇಪರ್ ಹಿಡಿದು ಉಜ್ಜಿದ.
ಮೊದಲು ಕೆಂಪು ಹೋಯಿತು, ಯಾರದೋ ಮದುವೆಗೆ ಹೊಡೆಸಿದ್ದು.
ಅದರಡಿ ಹಸಿರು. ಅದರಡಿ ಗಿಲೀಟಿನ ಬಂಗಾರ;
ಅದರ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ.
ಕೊನೆಗೆ ಬಾಗಿಲ ರಬ್ಬರಿನ ಸಂದಿಯಲ್ಲಿ,
ಬಿಸಿಲು ತಾಗದ ಕಡೆ,
ಉಗುರಗಲ ಬಿಳಿ.
"ಇದೇ ಸಾರ್ ಇದರ ಹುಟ್ಟುಬಣ್ಣ."

ನಾನು ಅಚ್ಚುಮನೆಯವನು, ಚಾಮರಾಜಪೇಟೆ.
ಬಿಳಿ ಅಂದರೆ ನಮಗೆ ಶಾಯಿ ಬೀಳದ ಜಾಗ,
ಅದನ್ನು ಬೆರೆಸುವುದಿಲ್ಲ, ಸುಮ್ಮನೆ ಬಿಡುತ್ತೇವೆ.
ಇಲ್ಲಿ ನೋಡಿದರೆ
ಹಳದಿ ಮಣ್ಣಿನದು ಎರಡು ತೊಟ್ಟು, ಕೆಂಪು ಅರ್ಧ,
ಮತ್ತೆ ಕಪ್ಪು.
ನಾನು ಅವನ ಕೈ ಹಿಡಿದೆ.
"ಕಪ್ಪು ಹಾಕ್ದೆ ಇದ್ರೆ ಬಿಳಿ ಸುಳ್ಳು ಹೇಳುತ್ತೆ ಸಾರ್,
ಬಾಡಿಗೆ ಶಾಮಿಯಾನ ಥರ ಕಾಣುತ್ತೆ."

ಜೆ.ಸಿ. ರಸ್ತೆಯ ಅಂಗಡಿಯ ಯಂತ್ರ
ಆ ಉಗುರಗಲಕ್ಕೆ ಕಣ್ಣಿಟ್ಟು ಮೂರು ಲೆಕ್ಕ ಕೊಟ್ಟಿತು.
ಮೂರನ್ನೂ ತಗಡಿಗೆ ಹೊಡೆದು
ತನ್ನವು ನಾಲ್ಕು ಸೇರಿಸಿದ.
ಏಳು ತಗಡು, ಹೊಂಗೆಮರಕ್ಕೆ ಬಿಗಿದ ತಂತಿಯ ಮೇಲೆ,
ಒಗೆದು ಹಾಕಿದ ಬನಿಯನ್ನಿನಂತೆ.
ಒಂದು ಗಿಣ್ಣು. ಒಂದು ಹಲಸಿನ ಬೀಜದ ಸಿಪ್ಪೆ.
ಒಂದು ಅಪ್ಪಟ ಆಸ್ಪತ್ರೆ.
ಹತ್ತು ಗಂಟೆಯ ಬಿಸಿಲಿಗೆ ಬೇರೆ, ಟ್ಯೂಬ್‌ಲೈಟಿಗೆ ಬೇರೆ,
ಮೋಡ ಕವಿದರೆ ಏಳೂ ಒಂದೇ ತಾಯಿಯ ಮಕ್ಕಳು.

ಟೂ-ಪ್ಯಾಕೋ ಸೆಲ್ಯುಲೋಸೋ ಎಂದು ಎರಡು ವಾರ ಜಗಳ.
ಟೂ-ಪ್ಯಾಕು ಗಟ್ಟಿ, ಗಾಜಿನಂತೆ, ನನ್ನ ನಂತರವೂ ಬಾಳುತ್ತದೆ.
ಹಳೆಯದರಲ್ಲಿ ಬೆಳಕು ಒಳಗೆ ಹೋಗಿ
ಸ್ವಲ್ಪ ಕೂತು ಬರುತ್ತದೆ;
ಆದರೆ ತೇವದ ಗಾಳಿಗೆ ಬೂಷ್ಟು ಹಿಡಿದಂತೆ ಮಂಕು.
"ಕ್ರಿಸ್‌ಮಸ್ ಕಳೀಲಿ ಸಾರ್, ಗಾಳಿ ಒಣಗುತ್ತೆ."
ಹಳೆಯದೇ ಎಂದಾಯಿತು. ಕಾದೆವು.

ಆ ನಡುವೆ ಮಿಂಟೋದಲ್ಲಿ ಅವನ ಬಲಗಣ್ಣಿನ ಪೊರೆ ತೆಗೆದರು.

ಜನವರಿಯ ಒಂದು ಬೆಳಗ್ಗೆ ತಂತಿಯ ಮುಂದೆ ನಿಂತ.
ಬಲಗಣ್ಣು ಮುಚ್ಚಿ ನೋಡಿದ. ಎಡಗಣ್ಣು ಮುಚ್ಚಿ ನೋಡಿದ.
ಮತ್ತೆ. ಮತ್ತೆ.
ಸೊಪ್ಪಿನವಳು ಕೂಗಿ, ಕಾದು, ಮುಂದೆ ಹೋದಳು.
"ಈ ಕಣ್ಣಿಗೆ ನಾಲ್ಕನೇದು ಸರಿಯಾಗಿ ಕೂತಿದೆ ಸಾರ್.
ಈ ಕಣ್ಣಿಗೆ ಅದು ಕಾಮಾಲೆ.
ಇದಕ್ಕೆ ಆರನೇದು."
ಸ್ಟೂಲಿನ ಮೇಲೆ ಕೂತ. ಬೀಡಿ ಹಚ್ಚಲಿಲ್ಲ.
"ಈ ಊರಲ್ಲಿ ಎಷ್ಟು ಗಾಡಿಗೆ
ಕಾಮಾಲೆ ಅಂಟಿಸಿ ಕಳಿಸಿದೀನೋ."

ನಾನು ಆ ಉಗುರಗಲವನ್ನು ಮುಟ್ಟಿದೆ.
ಅರವತ್ತು ವರ್ಷ ಕತ್ತಲಲ್ಲಿ ಕೂತು
ಅದೂ ತುಸು ಹಳದಿಗೆ ತಿರುಗಿರಬಹುದು.
ಯಾವ ಕಾರ್ಖಾನೆ, ಯಾವ ಬೆಳಕು, ಬೆರೆಸಿದವನ ಕಣ್ಣು ಎಂಥದೋ.
"ನಾನು ಹುಡುಕಿಕೊಂಡು ಬಂದದ್ದು
ಎಡಗಣ್ಣಿನವನನ್ನ" ಎಂದೆ.

ಬಸ್ಸುಗಳು ಧೂಳೆಬ್ಬಿಸುವ ಮೊದಲು, ಐದಕ್ಕೆ,
ನೆಲಕ್ಕೆ ನೀರು ಚಿಮುಕಿಸಿ, ಹುಡುಗರನ್ನು ಹೊರಗಟ್ಟಿ,
ಮೂಗಿಗೆ ಮುಸುಕು ಕಟ್ಟಿದ.
ಆಮೇಲೆ ಚೌಕಳಿಯ ಕರ್ಚೀಫು ಮಡಿಸಿ
ಡಾಕ್ಟರು ಈಗಷ್ಟೇ ಕೊಟ್ಟ ಕಣ್ಣಿನ ಮೇಲೆ ಬಿಗಿದ.
ಗನ್ನು ಉಸಿರಾಡತೊಡಗಿತು,
ಮುಂದಿನ ರೆಕ್ಕೆಯಿಂದ ಬಾಲದವರೆಗೆ, ನಿಲ್ಲದೆ, ಒಂದೇ ಎಳೆ.

ಎಡಗಣ್ಣಿಗೆ ಕೊಟ್ಟಿದ್ದ ದಿನ ಮುಂದೂಡಿದ
ಎಂದು ಅವನ ಮಗಳು ಹೇಳಿ ಗೊತ್ತಾದದ್ದು.

ಗಾಡಿ ಕೊಡುವಾಗ ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿದ.
ಅದರಡಿ ತಟ್ಟೆಯಗಲ ಬೇರೊಂದು ಬಿಳಿ.
"ಇದು ಆರನೇದು ಸಾರ್. ಇದು ಮಾತ್ರ ನಂದು.
ಸ್ಟೆಪ್ನಿ ಮುಚ್ಚುತ್ತೆ, ಯಾರ್ಗೂ ಕಾಣಲ್ಲ."

ಭಾನುವಾರಗಳಲ್ಲಿ ಸ್ಟೆಪ್ನಿ ಎತ್ತಿ ಪಕ್ಕಕ್ಕಿಟ್ಟು
ಬಗ್ಗಿ ನೋಡುತ್ತೇನೆ, ಕನ್ನಡಕ ಹಾಕಿ, ತೆಗೆದು.
ನನಗೆ ಎರಡೂ ಒಂದೇ ಕಾಣುತ್ತವೆ.
ಈ ಮಾರ್ಚಿಗೆ ನನಗೆ ಅರವತ್ತೆಂಟು.