ಆರರಲ್ಲಿ ಮೂರು

ಬೂಟು ಆಚೆಯೇ ಬಿಡು ಒರೋಸಿಯಾ, ಅನ್ನುತ್ತಾನೆ ಪಾಳಿಯ ಮೇಲ್ವಿಚಾರಕ.
ಅಟ್ಟೆಗೆ ಅಂಟಿದ್ದು ಹಿಮವಲ್ಲ.
ಪಿರನೀಸ್ ಬೆಟ್ಟದ ಬುಡದ ಈ ಕಣಿವೆಯಲ್ಲಿ
ಬೆಳ್ಳಗಿದ್ದುದನ್ನೆಲ್ಲ ಹಿಮವೆಂದು ನಂಬಿ
ಜಾರಿ ಆಡಿದವರು ನಾವು.

ಅಪ್ಪ, ನಿನ್ನ ಕಾರ್ಖಾನೆ ಹೇನಿಗೆ, ಉಣ್ಣೆಗೆ ಮದ್ದು ಮಾಡುತ್ತಿತ್ತು.
ಒಂದು ಮೂಟೆ ಮದ್ದಿಗೆ ಎಂಟು ಮೂಟೆ ಕಸ.
ಕಸವನ್ನು ಕೊರಕಲಿಗೆ ಸುರಿದು ಬರುವ ಲಾರಿ ನಿನ್ನದು.
ಭಾನುವಾರದ ಅಂಗಿಯಲ್ಲೂ ಮುಗ್ಗಲು ವಾಸನೆ,
ಅಮ್ಮ ಎಷ್ಟು ಕುಕ್ಕಿ ಒಗೆದರೂ.
ಒಂದು ಡಬ್ಬಿ ಮನೆಗೂ ತಂದು ಕುರಿಗಳ ಬೆನ್ನಿಗೆ ಉಜ್ಜಿದ್ದೆ,
ಪುಕ್ಕಟೆ ಸಿಕ್ಕಿತೆಂದು ಎಷ್ಟು ಹಿಗ್ಗು ನಿನಗೆ!

ಈಗ ಅದೇ ಕೊರಕಲಿನ ತಳದಿಂದ
ಪಂಪು ಮೇಲೆತ್ತುತ್ತದೆ ಕಪ್ಪು ಎಣ್ಣೆ, ನೀರಿಗಿಂತ ಭಾರ.
ನಾನು ಅದಕ್ಕೆ ಕ್ಷಾರ ಹಾಕುತ್ತೇನೆ.
ಅಜ್ಜಿ ಬೂದಿನೀರು ಬಸಿದು ಸಾಬೂನು ಕುದಿಸುತ್ತಿದ್ದಳಲ್ಲ,
ಅದೇ ವಂಶದ್ದು. ಸಿಟ್ಟು ಹೆಚ್ಚು.

ಇಂಗಾಲದ ಒಂದು ಬಳೆ,
ಸುತ್ತ ಆರು ಕ್ಲೋರಿನ್ ಹರಳು.
ಕ್ಷಾರ ತಾಗಿದರೆ ಮೂರು ಕಳಚಿ ಉಪ್ಪಾಗುತ್ತವೆ.
ಹೌದು, ಉಪ್ಪೇ. ಅಡುಗೆಯ ಉಪ್ಪು.
ಉಳಿದ ಮೂರು?
ಅಷ್ಟರಲ್ಲಿ ಬಳೆ ಬಿಗಿದುಕೊಂಡಿರುತ್ತದೆ,
ಇನ್ನೆಷ್ಟು ಕ್ಷಾರ ಸುರಿದರೂ ಜಗ್ಗುವುದಿಲ್ಲ.
ಬೇರೆ ಪಾತ್ರೆ ಬೇಕು, ಜಲಜನಕ ಬೇಕು,
ಚಿನ್ನದ ಜೊತೆ ತೂಗುವ ಪಲ್ಲಾಡಿಯಂ ಪುಡಿ ಬೇಕು,
ಸಾರಗೋಸಾದಿಂದ ಮಂಜೂರಿಯ ಕಾಗದ ಬರಬೇಕು.
ಬಂದಿಲ್ಲ.

ಅರ್ಧ ಕೆಲಸ ಎಂದು ಬರೆಯಲು ದಾಖಲೆಯಲ್ಲಿ ಖಾನೆಯಿಲ್ಲ.
ಪೀಪಾಯಿಯ ಮುಚ್ಚಳ ತಿರುವಿ
ಅದೇ ವಿಷಕ್ಕೆ ಹೊಸ ಹೆಸರಿನ ಚೀಟಿ ಅಂಟಿಸುತ್ತೇನೆ.

ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಆದರೆ ನೀರು ಕುಡಿದವರು ಹೊಳೆಯ ಕೆಳಗಿನ ಊರಿನವರು.
ಉಪ್ಪು ಯಾರು ತಿಂದರೋ.

ನೀನು ಒಮ್ಮೆ ಬಂದಿದ್ದೆ, ನೆನಪಿದೆಯೇ,
ಗೇಟಿನಲ್ಲಿ ಊರ್ಬೆಸ್ ಎಂದು ಸಹಿ ಹಾಕಿ,
ದೊಗಲೆ ಬಿಳಿ ನಿಲುವಂಗಿ ತೊಟ್ಟು.
ಗಾಜಿನ ಬಟ್ಟಲಲ್ಲಿ ಒಣಗಿದ ಬಿಳಿ ಹರಳು ತೋರಿಸಿದೆ:
ನೋಡು, ನೀನು ಸುರಿದದ್ದರಲ್ಲಿ ಇಷ್ಟನ್ನು ತೆಗೆದಿದ್ದೇವೆ.
ನೀನು ತುಂಬ ಹೊತ್ತು ನೋಡಿದೆ.
ಬೆರಳು ಒದ್ದೆ ಮಾಡಿ, ಅದ್ದಿ, ನಾಲಿಗೆಗೆ ಒಯ್ಯುವಷ್ಟರಲ್ಲಿ
ಮಣಿಕಟ್ಟು ಹಿಡಿದೆ.
ಎಷ್ಟು ಸಣ್ಣಗಾಗಿತ್ತು, ಲಾರಿ ತಿರುಗಿಸಿದ ಆ ಕೈ.

ಉಪ್ಪು ಅಂದೆಯಲ್ಲ, ಮಗಳೇ,
ಎಂದೆ ನೀನು.