ಭೋಗ್ಯದ ಕರಾರು

ಕೋರ್ಟಿನ ಕಾಂಪೌಂಡಿಗೆ ಒರಗಿದ ಛತ್ರಿಯ ಕೆಳಗೆ
ಪುಟ್ಟಬಸವಣ್ಣನವರ ಲ್ಯಾಪ್‌ಟಾಪು, ಅದಕ್ಕೊಂದು ಟವಲ್ಲಿನ ನೆರಳು.
ಮೊದಲನೇ ಪಾರ್ಟಿ ಬೇಗ ಮುಗಿಯಿತು:
ದೇವಾಜಮ್ಮಣ್ಣಿ ಕೋಂ ಲೇಟ್ ಗೋಪಾಲರಾಜೇ ಅರಸ್,
ಎಪ್ಪತ್ತೆರಡು ವರ್ಷ, ಜಯನಗರ, ರೈಲ್ವೆ ಗೇಟಿನ ಹತ್ತಿರ.
ಆಮೇಲೆ ನನ್ನ ಕಡೆ ತಿರುಗಿದರು.
"ಇಂದ್ರಾಣಿ... ಕೋಂ?"

ಒಂದಕ್ಷರ, ಪಕ್ಕದಲ್ಲೊಂದು ಸೊನ್ನೆ.
ಹನ್ನೊಂದು ವರ್ಷ ಅದರ ಮುಂದೆ ಇದ್ದ ಹೆಸರು
ರೇಷನ್ ಕಾರ್ಡಿನಿಂದ ಹೋಯಿತು, ಬ್ಯಾಂಕಿನಿಂದ ಹೋಯಿತು,
ಗ್ಯಾಸ್ ಏಜೆನ್ಸಿಯಲ್ಲಿ ಮಾತ್ರ
ಇನ್ನೂ ಗಟ್ಟಿಯಾಗಿ ಕೂಗುತ್ತಾರೆ.
"ಬಿನ್ ಹಾಕಿ," ಅಂದೆ.
"ಹೆಣ್ಣುಮಕ್ಕಳಿಗೂ ನಡೆಯುತ್ತೆ ಬಿಡಿ," ಅಂದರು.
ಸತ್ತ ಅಪ್ಪ, ನನ್ನ ನಲವತ್ತೇಳನೇ ವಯಸ್ಸಿನಲ್ಲಿ,
ರಸ್ತೆ ದಾಟಿಸುವವನ ಹಾಗೆ ಮತ್ತೆ ಕೈ ಹಿಡಿದ.

"ಜೊತೆಗೆ ಯಾರಿರ್ತಾರೆ?"

ಮಾದೇಶ ಎಳನೀರಿನ ಗಾಡಿಯ ಹತ್ತಿರ ನಿಂತಿದ್ದ,
ಯಾರದೋ ಕೇಸಿಗೆ ಬಂದ ಸಾಕ್ಷಿಯ ಹಾಗೆ.
ರಾತ್ರಿಯೆಲ್ಲ ಇದೇ ಮಾತು.
"ಹೆಸರು ಹಾಕಿದ್ರೆ ಸಂಬಂಧ ಕೇಳ್ತಾರೆ.
ಹಾಕದಿದ್ರೆ ನೆಂಟ ಅಂದ್ಕೋತಾರೆ.
ನೆಂಟನಾಗೇ ಇರ್ತೀನಿ ಬಿಡು."
ಆರು ಲಕ್ಷದಲ್ಲಿ ಎರಡೂಕಾಲು ಅವನದು,
ಪಿಎಫ್ ಮುರಿಸಿ ತಂದದ್ದು.
ಅಷ್ಟು ದುಬಾರಿ ನೆಂಟರನ್ನು ನಾನು ಕಂಡಿಲ್ಲ.

ನನ್ನ ಲೆಕ್ಕ ಬೇರೆ.
ದೊಡ್ಡಾಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ
"ನೀವು ಯಾರು?" ಅಂತ ಕೇಳುವವಳೇ ನಾನು.
ಎಷ್ಟೋ ಜನ ತಡವರಿಸಿ, ಫ್ಲಾಸ್ಕು ನನ್ನ ಕೈಗಿಟ್ಟು
ಮೆಟ್ಟಿಲಿಳಿದು ಹೋಗಿದ್ದಾರೆ.
ನಾಳೆ ನಾನು ಬಿದ್ದರೆ ಈ ಮನೆಯ ಬೀಗದ ಕೈ
ಯಾವ ತಮ್ಮನ ಜೇಬಿಗೆ ಹೋಗುತ್ತದೆ, ಗೊತ್ತು.
ಮಾದೇಶನ ಟಿಫನ್ ಡಬ್ಬಿ, ಎರಡು ಪ್ಯಾಂಟು, ಒಂದು ಕಾಯಿ ಕಳೆದ ಕೇರಂ ಬೋರ್ಡು
ಗೇಟಿನ ಹೊರಗೆ.

ಇನ್ನೊಂದೂ ಇದೆ, ಅವನಿಗೆ ಹೇಳಿಲ್ಲ.
ಜಗಳ ಬಂದ ದಿನ
ನಾನು "ಹೋಗು ಆಚೆಗೆ" ಅಂದುಬಿಡಬಲ್ಲೆ.
ನನಗೆ ಆ ಮಾತು ಬರುತ್ತದೆ.
ಹನ್ನೊಂದು ವರ್ಷ ಒಬ್ಬರು ಕಲಿಸಿಕೊಟ್ಟಿದ್ದಾರೆ.

ಪುಟ್ಟಬಸವಣ್ಣ ಕಾದರು. ಪಳಗಿದ ಕೈ.
"ಎರಡನೇ ಪಾರ್ಟಿಯವರು, ಅಂತಷ್ಟೇ ಹೊಡೀಲಾ ಮೇಡಂ?
ಅವರು ಅಂದ್ರೆ ಒಬ್ಬರೂ ಆಗ್ತಾರೆ, ಇಬ್ಬರೂ ಆಗ್ತಾರೆ.
ಮರ್ಯಾದೇಲಿ ಎಲ್ಲ ಮುಚ್ಚಿಹೋಗುತ್ತೆ."
ಒಂದು ಗಳಿಗೆ ಆಸೆಯಾಯಿತು,
ಆ ಬಹುವಚನದೊಳಗೆ ಅವನನ್ನು ಮಡಿಚಿಡಲು,
ಬೀರುವಿನ ಸೀರೆಯಲ್ಲಿ ನೋಟು ಇಡುವ ಹಾಗೆ.

"ಬೇಡ. ಹೊಡೀರಿ.
ಇಂದ್ರಾಣಿ ಬಿನ್ ಲೇಟ್ ಕಾಳಪ್ಪ, ಮತ್ತು
ಮಾದೇಶ ಬಿನ್ ಲೇಟ್ ಚಿಕ್ಕಮಾದಯ್ಯ."
ಇಬ್ಬರ ಬೆನ್ನಿಗೂ ಒಬ್ಬೊಬ್ಬ ಸತ್ತ ಅಪ್ಪ,
ನಡುವೆ ಒಂದು ಮತ್ತು.
ಅದಕ್ಕೆ ಬೇರೆ ಛಾಪಾ ಕಾಗದ ಬೇಕಾಗಲಿಲ್ಲ.

ಅಮ್ಮಣ್ಣಿಯವರು ಜಗಲಿಯಲ್ಲಿ ಕೂತು ಓದಿದರು,
ಬೆರಳಿಟ್ಟು, ಸಾಲಿಗೊಂದು ಉಸಿರು.
ಮೋಟರಿನ ಸರದಿ, ಗೋಡೆಗೆ ಮೊಳೆ ಹೊಡೆಯಬಾರದು,
ಬಿಡುವ ಮೂರು ತಿಂಗಳ ಮೊದಲು ತಿಳಿಸತಕ್ಕದ್ದು,
ಎಲ್ಲ ದಾಟಿದ ಬೆರಳು ಹಿಂದಕ್ಕೆ ಬಂತು, ಆ ಮತ್ತುವಿನ ಮೇಲೆ ನಿಂತಿತು.
"ಇವರು ನಿಮಗೆ ಏನಾಗಬೇಕು?"

ಮಾದೇಶ ತನ್ನ ಚಪ್ಪಲಿ ನೋಡಿಕೊಂಡ.
ರೈಲ್ವೆ ವರ್ಕ್‌ಶಾಪಿನ ಸೈರನ್ನು ಕೂಗಿತು,
ಮುಗಿಯುವ ತನಕ ಕಾದೆ.
"ಇನ್ನು ಏನೂ ಆಗಬೇಕಾಗಿಲ್ಲಮ್ಮ.
ಆಗೋದೆಲ್ಲ ಆಗಿದೆ."

ಅವರು ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು,
ಹಾಕಿಕೊಳ್ಳಲಿಲ್ಲ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
"ಅದಿರಲಿ, ಗ್ಯಾಸು ಯಾರ ಹೆಸರಲ್ಲಿದೆ?" ಅಂದರು.

ಆಗ ಮಾದೇಶ, ಬೆಳಗಿನಿಂದ ಮೊದಲ ಸಲ,
ತಲೆಯೆತ್ತಿ ನನ್ನ ಮುಖ ನೋಡಿದ.